ನಮ್ಮ ಪ್ರಯಾಣ ಮನೆ ಗೇಟಿನಿಂದಲೇ ಶುರು: ವಿಮಾನಯಾನ ಮಹಾನಿರ್ದೇಶಕರಿಗೆ ವಿರಾಜಪೇಟೆಯಿಂದ ಬಹಿರಂಗ ಪತ್ರ

ಇವರಿಗೆ,
ಮಹಾನಿರ್ದೇಶಕರು,
ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ,
ನವದೆಹಲಿ

ಮಾನ್ಯರೇ,

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ. ರೈಲೂ ಇಲ್ಲ. ಆದರೂ ವಿಮಾನ ಹತ್ತುವವರಿಗೆ ಇಲ್ಲಿ ಬರವಿಲ್ಲ. ರಜೆ ಮುಗಿಸಿ ಯೂನಿಟ್‌ಗೆ ಮರಳುವ ಯೋಧರು, ದುಬೈ, ದೋಹಾ, ಮಸ್ಕತ್‌ಗಳಲ್ಲಿ ದುಡಿಯುವ ನಾಪೋಕ್ಲು, ಸಿದ್ದಾಪುರ, ಸುಂಟಿಕೊಪ್ಪದ ಹುಡುಗರು, ಜರ್ಮನಿಯಲ್ಲಿ ಓದುವ ಮಕ್ಕಳು, ಅವರನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರು, ಹೋಂಸ್ಟೇಗೆ ಬಂದು ಹೋಗುವ ಉತ್ತರದ ಪ್ರವಾಸಿಗರು. ಇವರಲ್ಲಿ ಒಂದಷ್ಟು ಜನರ ಟಿಕೆಟ್ ಮಾಡಿಕೊಡುವವನು ನಾನು. ವಿರಾಜಪೇಟೆಯಲ್ಲಿ ಸಣ್ಣದೊಂದು ಬುಕಿಂಗ್ ಅಂಗಡಿ ನನ್ನದು. ಬಸ್ಸು, ರೈಲು, ವಿಮಾನ ಮೂರರ ಟಿಕೆಟೂ ಆಗುತ್ತದೆ, ಜೊತೆಗೆ ಜೆರಾಕ್ಸು, ಪಾಸ್‌ಪೋರ್ಟ್ ಅರ್ಜಿ. ವಿಮಾನ ಸರಿಯಾಗಿ ಹೊರಟ ದಿನ ನನ್ನ ನೆನಪು ಯಾರಿಗೂ ಆಗುವುದಿಲ್ಲ. ರದ್ದಾದ ದಿನ ಮೊದಲ ಫೋನು ನನಗೇ ಬರುತ್ತದೆ: "ಅಣ್ಣಾ, ಫ್ಲೈಟ್ ಕ್ಯಾನ್ಸಲ್ ಅಂತೆ. ದುಡ್ಡು ಏನಾದ್ರೂ ಬರ್ತದಾ?"

ಬರುತ್ತದೋ ಇಲ್ಲವೋ ಎಂದು ಹೇಳುವ ನಿಯಮ ನಿಮ್ಮದು. 2010ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಆ ನಿಯಮ 2016ರಲ್ಲಿ ತಿದ್ದುಪಡಿಯಾಗಿ ಪರಿಹಾರದ ಮೊತ್ತ ಏರಿತು. ಅದನ್ನು ನಾನು ಓದಿದ್ದೇನೆ, ಗಿರಾಕಿಗಳಿಗೆ ಕನ್ನಡದಲ್ಲಿ ಬಿಡಿಸಿ ಹೇಳಿಯೂ ಇದ್ದೇನೆ. ಹಾಗೆ ಹೇಳುವಾಗ ಕಂಡ ದೊಡ್ಡ ಕೊರತೆಯೇ ಈ ಪತ್ರಕ್ಕೆ ಕಾರಣ. ವಿಮಾನ ರದ್ದಾದರೆ ನಿಮ್ಮ ನಿಯಮದಲ್ಲಿ ದುಡ್ಡಿನ ಮಾತಿದೆ. ಸೀಟು ಇಲ್ಲವೆಂದು ಬಾಗಿಲಲ್ಲೇ ತಡೆದರೂ ದುಡ್ಡಿನ ಮಾತಿದೆ. ತಡವಾದರೆ ಪರಿಹಾರವೆಂದು ಒಂದು ರೂಪಾಯಿಯೂ ಇಲ್ಲ. ಐದು ಗಂಟೆ ತಡವಾದರೂ ಇಲ್ಲ, ಹದಿನೈದು ಗಂಟೆ ತಡವಾದರೂ ಇಲ್ಲ. ನನ್ನ ಅಂಗಡಿಗೆ ಬರುವ ಗೋಳಿನಲ್ಲಿ ಮುಕ್ಕಾಲು ಪಾಲು ತಡವಾದದ್ದರದ್ದೇ.

ಇದನ್ನು ಓದುವ ನಮ್ಮ ಜಿಲ್ಲೆಯವರಿಗೂ ತಿಳಿಯಲಿ ಎಂದು, ಈಗ ಇರುವುದೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ದೇಶದೊಳಗಿನ ಎರಡೂವರೆ ಗಂಟೆಯೊಳಗಿನ ಹಾರಾಟ 2 ಗಂಟೆಗಿಂತ ಹೆಚ್ಚು ತಡವಾಗುವುದಾದರೆ ಕಾಯುತ್ತಿರುವ ಪ್ರಯಾಣಿಕರಿಗೆ ಊಟ ತಿಂಡಿ ಕೊಡಬೇಕು. 6 ಗಂಟೆ ಮೀರುವುದಾದರೆ ಬೇರೆ ವಿಮಾನ ಅಥವಾ ಟಿಕೆಟ್‌ನ ಪೂರ್ತಿ ಹಣ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಹಕ್ಕು ಪ್ರಯಾಣಿಕರದು. 24 ಗಂಟೆ ಮೀರಿದರೆ ಹೋಟೆಲ್ ರೂಮು. ರಾತ್ರಿ 8ರಿಂದ ಬೆಳಗಿನ ಜಾವ 3ರೊಳಗೆ ಹೊರಡಬೇಕಿದ್ದ ವಿಮಾನವಾದರೆ 6 ಗಂಟೆ ಮೀರಿದರೂ ರೂಮು ಕೊಡಬೇಕು. ಕೊಲ್ಲಿಗೆ ಹೋಗುವವರು ಈ ಕೊನೆಯದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು, ಅವರ ವಿಮಾನಗಳು ಹೆಚ್ಚಾಗಿ ಹೊರಡುವುದೇ ಅಂಥ ಹೊತ್ತಿನಲ್ಲಿ.

ಊಟ, ರೂಮು, ಟಿಕೆಟ್ ಹಣ ವಾಪಸ್. ಬೆಂಗಳೂರಿನ ಇಂದಿರಾನಗರದಿಂದ ಬಂದ ಪ್ರಯಾಣಿಕನಿಗೆ ಇದು ಸಾಕಾಗಬಹುದು. ಬೇಸತ್ತರೆ ಹಣ ಹಿಂದೆ ಪಡೆದು ರಾತ್ರಿ ಊಟಕ್ಕೆ ಮನೆ ಸೇರುತ್ತಾನೆ. ವಿರಾಜಪೇಟೆಯಿಂದ ದೇವನಹಳ್ಳಿಗೆ 250 ಕಿಲೋಮೀಟರಿಗೂ ಮೇಲೆ. ಬೆಳಗಿನ ವಿಮಾನಕ್ಕೆ ಹಿಂದಿನ ಸಂಜೆಯೇ ಮನೆ ಬಿಡಬೇಕು. ಆನೆಚೌಕೂರಿನ ಕಾಡಿನ ರಸ್ತೆಯಲ್ಲಿ ಆನೆ ಅಡ್ಡ ನಿಂತರೆ ಎಂದು ಒಂದು ಗಂಟೆ, ಬೆಂಗಳೂರಿನ ಟ್ರಾಫಿಕ್ಕಿಗೆಂದು ಎರಡು ಗಂಟೆ ಮುಂಚಿತವಾಗಿ ಇಟ್ಟುಕೊಂಡೇ ಹೊರಡುತ್ತೇವೆ. 2018ರ ಡಿಸೆಂಬರಿನಲ್ಲಿ ಮಟ್ಟನ್ನೂರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆದ ಮೇಲೆ ನಮ್ಮ ತಾಲ್ಲೂಕಿಗೆ ಉಸಿರು ಬಂತು ನಿಜ, ಅದು 60 ಕಿಲೋಮೀಟರಿನ ಆಸುಪಾಸು. ಆದರೆ ಆ ದಾರಿ ಮಾಕುಟ್ಟದ ಘಾಟಿ. ಅದೇ 2018ರ ಮಳೆಯಲ್ಲಿ ಆ ರಸ್ತೆ ಹೇಗೆ ಜರಿದು ಬಿತ್ತು ಎಂಬುದನ್ನು ಇಲ್ಲಿಯವರು ಯಾರೂ ಮರೆತಿಲ್ಲ. ಮಡಿಕೇರಿಯ ಕಡೆಯವರು ಮಂಗಳೂರಿಗೆ ಸಂಪಾಜೆ ಘಾಟಿ ಇಳಿಯುತ್ತಾರೆ, ಜೂನ್ ಜುಲೈನಲ್ಲಿ ಅದರ ಹಣೆಬರಹವೂ ಅದೇ.

ಹೀಗೆ ನಿಲ್ದಾಣ ಮುಟ್ಟಿದವರಿಗೆ ಐದು ಗಂಟೆ ತಡ ಎಂದು ಫಲಕದಲ್ಲಿ ಬಂದರೆ ಒಂದು ಸ್ಯಾಂಡ್‌ವಿಚ್ಚು, ಒಂದು ಜ್ಯೂಸ್ ಡಬ್ಬಿ ಕೈಗೆ ಸಿಗುತ್ತದೆ. ಇಳಿಯುವ ಊರಿನಲ್ಲಿ ಹಿಡಿಯಬೇಕಿದ್ದ ಮುಂದಿನ ವಿಮಾನ ಹೋಯಿತು, ಕಾಯಬೇಕಿದ್ದ ಟ್ಯಾಕ್ಸಿ ಹೋಯಿತು. ಎರಡೂ ವಿಮಾನಕ್ಕೆ ಒಂದೇ ಪಿಎನ್‌ಆರ್, ಅಂದರೆ ಒಂದೇ ಬುಕಿಂಗ್ ಸಂಖ್ಯೆ, ಆಗಿದ್ದರೆ ಮುಂದಿನ ವಿಮಾನದ ಹೊಣೆಯನ್ನಾದರೂ ಸಂಸ್ಥೆಯ ತಲೆಗೆ ಕಟ್ಟಬಹುದು. ನಮ್ಮ ಯೋಧರು ಬೆಂಗಳೂರಿನಿಂದ ದೆಹಲಿಗೆ ಒಂದು ಟಿಕೆಟ್, ಅಲ್ಲಿಂದ ಲೇಹ್‌ಗೋ ಶ್ರೀನಗರಕ್ಕೋ ಇನ್ನೊಂದು ಸಂಸ್ಥೆಯ ಟಿಕೆಟ್ ಮಾಡಿಸುತ್ತಾರೆ, ಅಗ್ಗವಾಗುತ್ತದೆ ಎಂದು. ಮೊದಲನೆಯದು ತಡವಾದರೆ ಎರಡನೆಯದು ಮುಳುಗಿದಂತೆ. ರಜೆ ಮುಗಿಯುವ ದಿನ ಹಾಜರಾಗದಿದ್ದರೆ ಏನಾಗುತ್ತದೆ ಎಂಬುದನ್ನು ಸೈನಿಕರ ಮನೆಯವರಿಗೆ ನಾನು ಹೇಳಬೇಕಾಗಿಲ್ಲ.

ಈ ಮಾತು ಸರ್ಕಾರಕ್ಕೆ ಹೊಸದಲ್ಲ. 2018ರಲ್ಲಿ ನಾಗರಿಕ ವಿಮಾನಯಾನ ಸಚಿವಾಲಯವೇ ಪ್ರಯಾಣಿಕರ ಹಕ್ಕುಗಳ ಕರಡೊಂದನ್ನು ಹೊರತಂದಿತ್ತು. ವಿಮಾನ ತಡವಾಗಿ ಮುಂದಿನ ಸಂಪರ್ಕ ವಿಮಾನ ತಪ್ಪಿದರೆ ತಡದ ಗಂಟೆಗಳಿಗೆ ತಕ್ಕಂತೆ 20,000 ರೂಪಾಯಿವರೆಗೆ ಪರಿಹಾರ ಎಂದು ಅದರಲ್ಲಿತ್ತು. ವಿಮಾನ ಸಂಸ್ಥೆಗಳು ಒಪ್ಪಲಿಲ್ಲ. ಮರುವರ್ಷ ಬಂದ ಅಂತಿಮ ಪ್ರತಿಯಲ್ಲಿ ಆ ಸಾಲು ಕಾಣಿಸಲಿಲ್ಲ. ಆಮೇಲೆ 1934ರ ವಿಮಾನ ಕಾಯಿದೆ ಹೋಗಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂತು. ತೊಂಬತ್ತು ವರ್ಷದ ಕಾಯಿದೆಯನ್ನೇ ಬದಲಿಸಿದವರಿಗೆ ಆ ಒಂದು ಸಾಲನ್ನು ಮತ್ತೆ ಸೇರಿಸುವುದು ಕಷ್ಟದ ಕೆಲಸವಾಗಲಾರದು.

ಯುರೋಪಿನಲ್ಲಿ ಏನಿದೆ ನೋಡಿ. ಅಲ್ಲಿ 2004ರ ನಿಯಮವೊಂದಿದೆ, ಸಂಖ್ಯೆ 261. ದೂರಕ್ಕೆ ತಕ್ಕಂತೆ 250, 400, 600 ಯೂರೋ ಪರಿಹಾರ. ಆ ನಿಯಮದಲ್ಲೂ ಮೊದಲಿಗೆ ದುಡ್ಡು ಇದ್ದದ್ದು ವಿಮಾನ ರದ್ದಾದರೆ, ಸೀಟು ಇಲ್ಲವೆಂದು ತಡೆದರೆ ಮಾತ್ರ. 2009ರಲ್ಲಿ ಯುರೋಪಿನ ನ್ಯಾಯಾಲಯ, 3 ಗಂಟೆ ಅಥವಾ ಅದಕ್ಕಿಂತ ತಡವಾಗಿ ತಲುಪಿದವನ ನಷ್ಟವೂ ರದ್ದಾದವನ ನಷ್ಟದಂಥದ್ದೇ ಎಂದು ತೀರ್ಪಿತ್ತು ಅವನಿಗೂ ದುಡ್ಡು ಕೊಡಿಸಿತು. ಆ ನಿಯಮ ಯುರೋಪಿನಿಂದ ಹೊರಡುವ ಎಲ್ಲ ವಿಮಾನಗಳಿಗೂ, ಹೊರಗಿನಿಂದ ಅಲ್ಲಿಗೆ ಹೋಗುವ ಯುರೋಪಿನ ಸಂಸ್ಥೆಗಳ ವಿಮಾನಗಳಿಗೂ ಅನ್ವಯಿಸುತ್ತದೆ. ಹಾಗಾಗಿ ಬೆಂಗಳೂರಿನಿಂದ ಜರ್ಮನಿಯ ಸಂಸ್ಥೆಯೊಂದರ ವಿಮಾನದಲ್ಲಿ ಹೊರಟ ನಮ್ಮ ಪೊನ್ನಂಪೇಟೆಯ ಹುಡುಗಿ, ಸಂಸ್ಥೆಯ ತಪ್ಪಿನಿಂದ ನಾಲ್ಕು ಗಂಟೆಗಿಂತ ತಡವಾಗಿ ಫ್ರಾಂಕ್‌ಫರ್ಟ್ ತಲುಪಿದರೆ 600 ಯೂರೋಗೆ ಹಕ್ಕುದಾರಳು. ಅವಳ ಅಣ್ಣ ಅದೇ ದಿನ ಅದೇ ನಿಲ್ದಾಣದಿಂದ ದೆಹಲಿಗೆ ಅಷ್ಟೇ ತಡವಾಗಿ ತಲುಪಿದರೆ ಅವನ ಪಾಲಿಗೆ ಸ್ಯಾಂಡ್‌ವಿಚ್ಚು.

ಅಷ್ಟು ದುಡ್ಡು ನಮ್ಮಲ್ಲೂ ಕೊಡಿ ಎಂದು ನಾನು ಕೇಳುತ್ತಿಲ್ಲ. ಟಿಕೆಟ್ ದರ ಎಷ್ಟು, ಸಂಸ್ಥೆಗಳ ಲಾಭ ಎಷ್ಟು ತೆಳು ಎಂಬುದು ಅಂಗಡಿಯಲ್ಲಿ ಕೂತವನಿಗೂ ಅಲ್ಪಸ್ವಲ್ಪ ಗೊತ್ತು. ಸಂಸ್ಥೆಗಳು ಮುಚ್ಚಿಹೋದರೆ ನನ್ನ ಕಮಿಷನ್ನೂ ಹೋಗುತ್ತದೆ. ಆದರೆ ತಡಕ್ಕೆ ಒಂದು ಬೆಲೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ನೋಡುತ್ತಿದ್ದೇನೆ. ರದ್ದು ಮಾಡಿದರೆ ಪರಿಹಾರ ಕೊಡಬೇಕು, ತಡ ಮಾಡುತ್ತಾ ಹೋದರೆ ಕೊಡಬೇಕಾಗಿಲ್ಲ. ಅಂಥ ನಿಯಮವಿರುವಲ್ಲಿ ಒಂದು ಗಂಟೆ ತಡ, ಮತ್ತೊಂದು ಗಂಟೆ ತಡ ಎಂದು ಕಂತಿನಲ್ಲಿ ಸುದ್ದಿ ಬಂದರೆ ಅಚ್ಚರಿಯೇನು?

ಇನ್ನು ರದ್ದಾದವರ ದುಡ್ಡಿನ ಕಥೆ. ಹಾರಾಟ 1 ಗಂಟೆಯೊಳಗಿನದಾದರೆ 5,000 ರೂಪಾಯಿ, 1ರಿಂದ 2 ಗಂಟೆಯದಾದರೆ 7,500, ಅದಕ್ಕೂ ಮೇಲಾದರೆ 10,000. ಇದನ್ನು ಕೇಳಿ ಜನ ಖುಷಿಪಡುತ್ತಾರೆ. ಮುಂದಿನ ಸಾಲು ಓದಿ ಹೇಳುವ ಕರ್ಮ ನನ್ನದು: ಈ ಮೊತ್ತ, ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಮೂರು ತಿಂಗಳ ಮೊದಲೇ ಬಂದು 2,000 ರೂಪಾಯಿ ಮೂಲ ದರಕ್ಕೆ ಟಿಕೆಟ್ ಮಾಡಿಸಿದವನಿಗೆ ಟಿಕೆಟ್ ಹಣದ ಜೊತೆ ಸಿಗುವುದು ಆ 2,000 ಚಿಲ್ಲರೆಯೇ. ಅವನು ಅದೇ ದಿನ ಬೇರೆ ಸಂಸ್ಥೆಯಲ್ಲಿ ಹೊಸ ಟಿಕೆಟ್ ಕೊಳ್ಳಬೇಕು, ಆ ದಿನದ ದರಕ್ಕೆ. ಮುಂದಾಲೋಚನೆ ಮಾಡಿದವನಿಗೇ ಕಡಿಮೆ ಪರಿಹಾರ, ಇದು ಯಾವ ಲೆಕ್ಕ?

ಆ ದಿನದ ದರ ಎಷ್ಟಿರುತ್ತದೆ ಎನ್ನುವುದಕ್ಕೆ ಸರ್ಕಾರವೇ ಸಾಕ್ಷಿ. 2025ರ ಡಿಸೆಂಬರ್ ಮೊದಲ ವಾರದಲ್ಲಿ ದೇಶದ ಅತಿ ದೊಡ್ಡ ವಿಮಾನ ಸಂಸ್ಥೆಯ ವಿಮಾನಗಳು ಸಾವಿರಗಟ್ಟಲೆ ರದ್ದಾದವು. ಪುತ್ತರಿ ಹಬ್ಬಕ್ಕೆಂದು ಜನ ಊರಿಗೆ ಬಂದುಹೋಗುವ ದಿನಗಳವು. ಉಳಿದ ಸಂಸ್ಥೆಗಳ ದರ ಗಗನಕ್ಕೇರಿ, ಕೊನೆಗೆ ಸಚಿವಾಲಯ ಮಿತಿ ಹಾಕಬೇಕಾಯಿತು: 500 ಕಿಲೋಮೀಟರಿನೊಳಗೆ 7,500 ರೂಪಾಯಿ, 1,000ದವರೆಗೆ 12,000, 1,500ರವರೆಗೆ 15,000, ಅದರಾಚೆಗೆ 18,000. ಇದು ಜನರನ್ನು ಸುಲಿಗೆಯಿಂದ ಕಾಪಾಡಲು ಹಾಕಿದ ಮಿತಿ. ಅತಿ ಹತ್ತಿರದ ಊರಿಗೂ 7,500 ನ್ಯಾಯವಾದ ಗರಿಷ್ಠ ದರ ಎಂದು ಸರ್ಕಾರವೇ ಹೇಳಿದ ಮೇಲೆ, 2,000 ಚಿಲ್ಲರೆಯ ಪರಿಹಾರ ಯಾವ ಮೂಲೆಗೆ?

ಆ ಡಿಸೆಂಬರಿನ ಇನ್ನೊಂದು ಮಾತನ್ನೂ ಹೇಳಬೇಕು. ಪೈಲಟ್‌ಗಳಿಗೆ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಬೇಕೆಂದು ನಿಮ್ಮ ಕಚೇರಿ 2024ರ ಜನವರಿಯಲ್ಲೇ ನಿಯಮ ಮಾಡಿತ್ತು, ಅದು ಒಳ್ಳೆಯ ನಿಯಮ. ಎರಡನೆಯ ಹಂತ 2025ರ ನವೆಂಬರ್ 1ರಿಂದ ಜಾರಿಯಾಯಿತು. ತಯಾರಿಗೆ ಅಷ್ಟು ತಿಂಗಳು ಇದ್ದೂ ಸಿಬ್ಬಂದಿ ಸಾಲದೆ ವಿಮಾನ ನಿಂತರೆ ಅದು ಯಾವ ದೇವರ ಆಟವೂ ಅಲ್ಲ. ಆದರೂ ಸಂಸ್ಥೆಗೆ ನಿಮ್ಮಿಂದ ತಾತ್ಕಾಲಿಕ ವಿನಾಯಿತಿ ಸಿಕ್ಕಿತು. ನಿಯಮದಿಂದ ವಿನಾಯಿತಿ ಕೇಳುವ ಅವಕಾಶ ಪ್ರಯಾಣಿಕನಿಗೂ ಇದೆಯೇ? ಮಾಕುಟ್ಟದಲ್ಲಿ ಮರ ಬಿದ್ದು ಹತ್ತು ನಿಮಿಷ ತಡವಾಗಿ ಹೋದವನಿಗೆ ಕೌಂಟರ್ ಮುಚ್ಚಿರುತ್ತದೆ.

ಹವಾಮಾನ, ಪ್ರವಾಹ, ಗಲಭೆ, ಸರ್ಕಾರದ ಆದೇಶ, ವಿಮಾನ ಸಂಚಾರ ನಿಯಂತ್ರಣದ ತಡೆ, ಇಂಥ ಅಸಾಧಾರಣ ಪರಿಸ್ಥಿತಿಯಲ್ಲಿ ಸಂಸ್ಥೆ ಪರಿಹಾರ ಕೊಡಬೇಕಾಗಿಲ್ಲ. ಒಪ್ಪುತ್ತೇನೆ. ಮಂಗಳೂರಿನ ಬಜ್ಪೆಯ ಗುಡ್ಡದ ಮೇಲಿನ ನಿಲ್ದಾಣದಲ್ಲಿ ಮಳೆಗಾಲದ ಮೋಡದೊಳಗೆ ವಿಮಾನ ಇಳಿಸಲೇಬೇಕೆಂದು ತಲೆ ಸರಿಯಿರುವ ಯಾರೂ ಹಟ ಹಿಡಿಯುವುದಿಲ್ಲ. ನನ್ನ ತಕರಾರು ಕಾರಣ ಹೇಳುವ ಬಗೆಯದ್ದು. "ಆಪರೇಷನಲ್ ಕಾರಣ" ಎಂಬ ಎರಡು ಪದದ ಮೆಸೇಜು ಬರುತ್ತದೆ. ಮೋಡವೋ, ಯಂತ್ರದ ದೋಷವೋ, ಪೈಲಟ್ ಇರಲಿಲ್ಲವೋ, ಸೀಟು ತುಂಬಲಿಲ್ಲವೋ, ಎಲ್ಲವೂ ಅದರೊಳಗೆ ಹೊಕ್ಕು ಕೂರಬಹುದು. ಪರಿಹಾರ ಕೇಳಿ ಬರೆದ ಮೇಲೆ ಮೊದಲ ಬಾರಿಗೆ "ಹವಾಮಾನ" ಎಂಬ ಪದ ಹುಟ್ಟಿಕೊಳ್ಳುವುದನ್ನು ನನ್ನ ಗಿರಾಕಿಗಳ ಪತ್ರಗಳಲ್ಲಿ ನೋಡಿದ್ದೇನೆ. ಅದೇ ಹೊತ್ತಿನಲ್ಲಿ ಅದೇ ರನ್‌ವೇಯಿಂದ ಬೇರೆ ಸಂಸ್ಥೆಯ ವಿಮಾನ ಹಾರಿಹೋಗಿರುತ್ತದೆ.

ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಎರಡು ಕಡೆಯಿಂದಲೂ ದಾರಿ ತೋರಿದೆ. ದೆಹಲಿಯ ಮಂಜಿನಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡ ವಿಮಾನವೊಂದರ ಮೊಕದ್ದಮೆಯಲ್ಲಿ 2011ರಲ್ಲಿ ಕೋರ್ಟು ಹೇಳಿತು: ಮಂಜಿನ ತಡಕ್ಕೆ ಸಂಸ್ಥೆ ಹೊಣೆಯಲ್ಲ, ಆದರೆ ಕಾಯುವವರಿಗೆ ಅನ್ನ ನೀರು ನೋಡಿಕೊಳ್ಳುವ ಹೊಣೆ ಅಗ್ಗದ ದರದ ಸಂಸ್ಥೆಗೂ ತಪ್ಪಿದ್ದಲ್ಲ. 2021ರಲ್ಲಿ ಬಂದದ್ದು ರೈಲಿನ ಮೊಕದ್ದಮೆ. ಜಮ್ಮುವಿಗೆ ಹೋಗುವ ರೈಲು ನಾಲ್ಕು ಗಂಟೆ ತಡವಾಗಿ ಪ್ರಯಾಣಿಕರಿಗೆ ಶ್ರೀನಗರದ ವಿಮಾನ ತಪ್ಪಿತು. ತಡಕ್ಕೆ ಕಾರಣವನ್ನು ರುಜುವಾತು ಮಾಡಬೇಕಾದದ್ದು ರೈಲ್ವೆ ಎಂದ ಕೋರ್ಟು 30,000 ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. ರೈಲ್ವೆಗೆ ಅನ್ವಯಿಸುವ ಆ ಮಾತನ್ನು ವಿಮಾನಕ್ಕೂ ಬರೆದು ಹಾಕಿ ಎಂದಷ್ಟೇ ನನ್ನ ಕೋರಿಕೆ. ವಿಮಾನ ರದ್ದಾದಾಗ ಅಥವಾ ಎರಡು ಗಂಟೆ ಮೀರಿ ತಡವಾದಾಗ, ಯಾರೂ ಕೇಳುವ ಮೊದಲೇ, ಪ್ರತಿ ಪ್ರಯಾಣಿಕನ ಮೊಬೈಲಿಗೆ ಕಾರಣವನ್ನು ಬಿಡಿಸಿ ಬರೆದ ಪತ್ರ ಬರಬೇಕು. ಕರ್ನಾಟಕದ ನಿಲ್ದಾಣಗಳಲ್ಲಿ ಕನ್ನಡದಲ್ಲೂ ಬರಬೇಕು. ಆಮೇಲೆ ಕಾರಣ ಬದಲಿಸಿದರೆ ದಂಡ ಇರಬೇಕು.

ದೂರು ಕೊಡಲು ಸರ್ಕಾರದ ಏರ್‌ಸೇವಾ ಜಾಲತಾಣ ಇದೆಯಲ್ಲ ಎನ್ನುತ್ತೀರಿ. ಇದೆ, ನಾನೇ ಎಷ್ಟೋ ಜನರಿಗೆ ಅದರಲ್ಲಿ ದೂರು ತುಂಬಿಕೊಟ್ಟಿದ್ದೇನೆ. ದೂರು ಅಲ್ಲಿಂದ ಹೊರಟು ಅದೇ ವಿಮಾನ ಸಂಸ್ಥೆಯ ಮೇಜಿಗೆ ಹೋಗುತ್ತದೆ, ಅಲ್ಲಿಂದ ಅದೇ ಉತ್ತರ ಹೊತ್ತು ಬರುತ್ತದೆ. ನಮಗೆ ನಿಜವಾಗಿ ಆಸರೆಯಾಗಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ದೂರುದಾರ ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು ಎಂದು ಅದು ಹೇಳುತ್ತದೆ. ದೆಹಲಿಯ ಸಂಸ್ಥೆಯಾದರೂ ಮಡಿಕೇರಿಗೇ ಬಂದು ಉತ್ತರಿಸಬೇಕು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಿದರಾಯಿತು, ವಕೀಲರೇ ಬೇಕೆಂದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿದರೆ ಮೊದಲ ಹಂತದ ನೆರವು ಸಿಗುತ್ತದೆ. ವಿದೇಶಕ್ಕೆ ಹೋಗುವವರಿಗೆ ಇನ್ನೊಂದು ಬಲವಿದೆ: ಭಾರತ 2009ರಲ್ಲಿ ಸೇರಿದ, ದೇಶ ದೇಶಗಳ ನಡುವಿನ ವಿಮಾನಯಾನದ ಮಾಂಟ್ರಿಯಲ್ ಒಪ್ಪಂದ. ತಡದಿಂದಾದ ನಷ್ಟಕ್ಕೆ ಸಂಸ್ಥೆಯೇ ಹೊಣೆ, ತಾನು ಮಾಡಬೇಕಾದದ್ದನ್ನೆಲ್ಲ ಮಾಡಿದೆ ಎಂದು ಸಾಬೀತು ಮಾಡಿದರೆ ಮಾತ್ರ ಬಿಡುಗಡೆ. ಗರಿಷ್ಠ ಮಿತಿ ಲಕ್ಷಗಳ ಲೆಕ್ಕದಲ್ಲಿದೆ, ಆದರೆ ಆದ ನಷ್ಟವನ್ನು ರಸೀದಿಯಿಂದ ತೋರಿಸಬೇಕು. ಇಲ್ಲಿಯೂ ಎರಡೇ ವರ್ಷ.

ಇಷ್ಟೆಲ್ಲ ಇದ್ದೂ ಜನ ಮಡಿಕೇರಿಯ ಮೆಟ್ಟಿಲು ಹತ್ತುವುದಿಲ್ಲ. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಆಳು ಸಿಗುವುದೇ ಕಷ್ಟ, ಅದರ ನಡುವೆ 3,000 ರೂಪಾಯಿಗೆ ಆಯೋಗಕ್ಕೆ ಅಲೆಯುವವರು ಯಾರು? ಸಂಸ್ಥೆಗಳಿಗೆ ಇದು ಚೆನ್ನಾಗಿ ಗೊತ್ತು. ನಿಯಮದಲ್ಲೇ ಬರೆದಿರುವ ದುಡ್ಡನ್ನು ಕೇಳಿ ಪಡೆಯಬೇಕಾದ ಸ್ಥಿತಿ ಇರಬಾರದು. ಟಿಕೆಟ್ ಹಣ ಯಾವ ಖಾತೆಯಿಂದ ಹೋಯಿತೋ ಅದಕ್ಕೇ ತಾನಾಗಿ ಬಂದು ಬೀಳಬೇಕು.

ಇನ್ನು ಸಣ್ಣದಾಗಿ ಕಾಣುವ ಮೂರು ವಿಷಯ. ಒಂದು, ಮೊಬೈಲ್ ನಂಬರು. ಬುಕ್ ಮಾಡುವಾಗ ಸರಿಯಾದ ಸಂಪರ್ಕ ವಿವರ ಕೊಡದವರಿಗೆ ಪರಿಹಾರವಿಲ್ಲ ಎಂದು ನಿಮ್ಮ ನಿಯಮ ಹೇಳುತ್ತದೆ. ಹಳ್ಳಿ ಕಡೆ ಟಿಕೆಟ್ ಮಾಡುವ ಎಷ್ಟೋ ಅಂಗಡಿಗಳಲ್ಲಿ ಅಂಗಡಿಯವರ ನಂಬರೇ ಹೋಗುತ್ತದೆ. ರಾತ್ರಿ ಹನ್ನೊಂದಕ್ಕೆ ಬಂದ ಮೆಸೇಜನ್ನು ಅಂಗಡಿಯವ ಬೆಳಿಗ್ಗೆ ಒಂಬತ್ತಕ್ಕೆ ನೋಡುತ್ತಾನೆ, ಪ್ರಯಾಣಿಕ ಆಗಲೇ ಮೈಸೂರು ದಾಟಿರುತ್ತಾನೆ. ಪ್ರಯಾಣಿಕರ ನಂಬರಿಗೆ ಒಟಿಪಿ ಹೋಗದೆ ಟಿಕೆಟ್ ಆಗದಂತೆ ಮಾಡಿ. ನಮ್ಮಂಥ ಅಂಗಡಿಗಳವರು ಗೊಣಗಬಹುದು, ಗೊಣಗಲಿ.

ಎರಡು, ಮೆಸೇಜಿನ ಜೊತೆ ಬರುವ "ಒಪ್ಪಿಗೆ" ಎಂಬ ಗುಂಡಿ. ಬದಲಿ ವಿಮಾನ ಒಪ್ಪಿದರೆ ಪರಿಹಾರದ ಹಣವಿಲ್ಲ; ಬದಲಿ ವಿಮಾನ, ಇಲ್ಲವೇ ಪೂರ್ತಿ ಹಣ ಮತ್ತು ಪರಿಹಾರ, ಇದು ನಿಯಮ. ಗಾಬರಿಯಲ್ಲಿರುವವನು ಮರುದಿನದ ಸೀಟಾದರೂ ಸಿಗಲಿ ಎಂದು ಒತ್ತಿಬಿಡುತ್ತಾನೆ. ಒತ್ತಿದರೆ ಏನು ಹೋಗುತ್ತದೆ ಎಂಬುದನ್ನು ಆ ಗುಂಡಿಯ ಮೇಲೆಯೇ ಬರೆಸಿ.

ಮೂರನೆಯದು ನಮ್ಮಂಥ ಜಿಲ್ಲೆಯವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು. ವಿಮಾನವನ್ನು ತಡ ಮಾಡುವಂತೆ ನಿಗದಿಗಿಂತ ಮೊದಲೇ ಹೊರಡಿಸುವುದೂ ಉಂಟು. ಬೆಳಿಗ್ಗೆ 11ರ ವಿಮಾನ 8ಕ್ಕೆ ಹೊರಡುತ್ತದೆ ಎಂದು ಹಿಂದಿನ ರಾತ್ರಿ ತಿಳಿಸಿದರೆ ಬೆಂಗಳೂರಿನವರು ಅಲಾರಂ ಬದಲಿಸಿಕೊಳ್ಳುತ್ತಾರೆ. ಕುಟ್ಟದವನು, ಬಿರುನಾಣಿಯವನು ಏನು ಮಾಡಬೇಕು? ಆ ಹೊತ್ತಿಗೆ ಟ್ಯಾಕ್ಸಿ ಸಿಗುವುದಿಲ್ಲ, ಬಸ್ಸಿಲ್ಲ. ಅವನ ಪಾಲಿಗೆ ಆ ವಿಮಾನ ರದ್ದಾದಂತೆಯೇ. ಯುರೋಪಿನ ನ್ಯಾಯಾಲಯ 2021ರ ಡಿಸೆಂಬರಿನಲ್ಲಿ ಇದನ್ನೇ ಹೇಳಿದೆ: ನಿಗದಿಗಿಂತ ಒಂದು ಗಂಟೆಗೂ ಹೆಚ್ಚು ಮೊದಲೇ ಹೊರಡಿಸಿದ ವಿಮಾನವನ್ನು ರದ್ದಾದ ವಿಮಾನವೆಂದೇ ಎಣಿಸಬೇಕು. ನಿಮ್ಮ ನಿಯಮದಲ್ಲೂ ಈ ಮಾತು ಅನುಮಾನಕ್ಕೆ ಎಡೆಯಿಲ್ಲದಂತೆ ಬರಲಿ.

ತಡಕ್ಕೆ ಎಷ್ಟು ದುಡ್ಡು ನಿಗದಿಯಾಗಬೇಕು ಎಂದು ಕೇಳಿದರೆ ನನ್ನ ಲೆಕ್ಕ ಸರಳ. ಸಂಸ್ಥೆಯ ಕಾರಣದಿಂದ ಮೂರು ಗಂಟೆ ದಾಟಿ ತಡವಾದರೆ ರದ್ದಾದವನಿಗೆ ಸಿಗುವುದರಲ್ಲಿ ಅರ್ಧ, ಆರು ಗಂಟೆ ದಾಟಿದರೆ ಪೂರ್ತಿ. "ಯಾವುದು ಕಡಿಮೆಯೋ ಅದು" ಎಂಬ ಸಾಲನ್ನು ತೆಗೆದು 5,000, 7,500, 10,000ವನ್ನೇ ಕನಿಷ್ಠವೆಂದು ಇಡಿ. 2016ರ ಆ ಅಂಕಿಗಳನ್ನೂ ಈಗಿನ ಬೆಲೆಗೆ ತಕ್ಕಂತೆ ಏರಿಸಿ. ಮನೆಯಿಂದ ನಿಲ್ದಾಣಕ್ಕೆ ಬಂದ ಟ್ಯಾಕ್ಸಿ, ಬಸ್ಸಿನ ಖರ್ಚನ್ನು ರಸೀದಿ ತೋರಿಸಿದವರಿಗೆ ಬೇರೆಯಾಗಿ ಕೊಡಿಸಿ. ವಿಮಾನ ನಿಲ್ದಾಣವಿಲ್ಲದ ಜಿಲ್ಲೆಯವರಿಗೆ ಅನೇಕ ಸಲ ಅದೇ ಟಿಕೆಟ್‌ಗಿಂತ ದೊಡ್ಡ ಮೊತ್ತ.

ಉತ್ತರ ಬರೆಯುವುದಾದರೆ ಕನ್ನಡದಲ್ಲಿ ಬರೆದರೆ ಅನುಕೂಲ, ಅಂಗಡಿಯ ಗೋಡೆಗೆ ಅಂಟಿಸುತ್ತೇನೆ. ಇಂಗ್ಲಿಷಿನಲ್ಲಿ ಬಂದರೂ ಕನ್ನಡಕ್ಕೆ ತಂದು ಅಂಟಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಟಿಕೆಟ್ ಬುಕಿಂಗ್ ಅಂಗಡಿಯವ,
ವಿರಾಜಪೇಟೆ, ಕೊಡಗು

ಪ್ರತಿ: ಕೊಡಗನ್ನು ಪ್ರತಿನಿಧಿಸುವ ಲೋಕಸಭಾ ಸದಸ್ಯರಿಗೆ. ಮುಂದಿನ ಅಧಿವೇಶನದಲ್ಲಿ ಒಂದು ಪ್ರಶ್ನೆ ಕೇಳಿ ಸ್ವಾಮಿ: 2018ರ ಕರಡಿನಲ್ಲಿದ್ದ ತಡದ ಪರಿಹಾರವನ್ನು ಯಾರ ಮಾತು ಕೇಳಿ, ಏನು ಕಾರಣ ಬರೆದು ಕೈಬಿಡಲಾಯಿತು?